ಎಷ್ಟು ಜೋರಾಗಿ ಹೇಳಬೇಕಿತ್ತು?

ಗೌರಿಹಬ್ಬಕ್ಕೆ ಊರಿಗೆ ಬಂದ ಮಗಳು ರಾತ್ರಿ ಊಟವಾದ ಮೇಲೆ ಲ್ಯಾಪ್‌ಟಾಪ್ ಹಿಡಿದು ಕುಳಿತವಳು ಹನ್ನೊಂದಾದರೂ ಏಳಲಿಲ್ಲ. "ಹಬ್ಬದ ದಿನಾನೂ ಅದೇನೇ ಕೆಲಸ?" ಎಂದೆ. "ಲೋಡ್ ಟೆಸ್ಟಿಂಗ್ ಅಮ್ಮ. ಸುಳ್ಳು ಜನಾನ ಒಳಗೆ ಬಿಡ್ತಾ ಇದೀನಿ" ಎಂದಳು.

ಸುಳ್ಳು ಜನ! ನನಗೆ ನಗು ಬಂತು. ಆಮೇಲೆ ಬಿಡಿಸಿ ಹೇಳಿದಳು. ಮಕ್ಕಳು ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕುವ ವೆಬ್‌ಸೈಟೊಂದು ಸೋಮವಾರ ಶುರುವಾಗಬೇಕು. ಅದಕ್ಕೆ ಮುಂಚೆ ಜೆಮೀಟರ್ ಎಂಬ ತಂತ್ರಾಂಶ ನೂರಾರು ಜನರ ವೇಷ ಹಾಕಿ ಒಟ್ಟಿಗೆ ಅರ್ಜಿ ತುಂಬುತ್ತದೆ. ಮೊದಲು ಐವತ್ತು ಜನ, ಆಮೇಲೆ ಇನ್ನೂರು, ಐನೂರು. ಆರುನೂರರ ತನಕ ಎರಡು ಸೆಕೆಂಡಿನಲ್ಲಿ ಉತ್ತರ ಬರುತ್ತಿತ್ತು. ಎಂಟುನೂರಕ್ಕೆ ಎಲ್ಲವೂ ನಿಂತೇಹೋಯಿತು. ಒಂದು ಹಂತದವರೆಗೆ ಏನೂ ಗೊತ್ತಾಗುವುದಿಲ್ಲವಂತೆ. ಅದು ದಾಟಿದರೆ ಸಾಲು ಬೆಳೆಯುತ್ತದೆ, ಕಾದು ಬೇಸತ್ತವರು ಮತ್ತೆ ಮತ್ತೆ ಒತ್ತುತ್ತಾರೆ, ಸಾಲು ಇನ್ನೂ ಬೆಳೆಯುತ್ತದೆ. ರೇಷನ್ ಅಂಗಡಿ ಕಂಡವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ.

"ಹಾಗಾದರೆ ಸೋಮವಾರ ಬೇಡ ಅನ್ನು" ಎಂದೆ. "ಅಷ್ಟು ಸುಲಭಾನಾ? ದಿನಾಂಕ ಆಗಲೇ ಎಲ್ಲರಿಗೂ ಹೇಳಿಬಿಟ್ಟಿದಾರೆ" ಎಂದು ಅಮೆರಿಕದ ಕಥೆ ಹೇಳಿದಳು. ಅಲ್ಲಿನ ಸರ್ಕಾರ ಆರೋಗ್ಯವಿಮೆಗಾಗಿ ಹೆಲ್ತ್‌ಕೇರ್ ಡಾಟ್ ಗವ್ ಎಂಬ ವೆಬ್‌ಸೈಟನ್ನು 2013ರ ಅಕ್ಟೋಬರ್ 1ರಂದು ತೆರೆಯಿತು. ಕೆಲವೇ ದಿನಗಳ ಹಿಂದೆ ಪರೀಕ್ಷೆ ಮಾಡಿದಾಗ ಕೆಲವು ನೂರು ಸುಳ್ಳು ಜನಕ್ಕೇ ಅದು ಕುಸಿದಿತ್ತು. ಆದರೂ ತೆರೆದರು. ಲಕ್ಷಾಂತರ ಜನ ನುಗ್ಗಿದರು. ಮೊದಲ ದಿನ ವಿಮೆಗೆ ಸೇರಿಕೊಳ್ಳಲು ಆದದ್ದು ಆರು ಜನಕ್ಕೆ. ಎಚ್ಚರಿಕೆಯ ಮಾತುಗಳು ಮೊದಲೇ ಬಂದಿದ್ದವು, ದಿನಾಂಕ ಮಾತ್ರ ಕದಲಲಿಲ್ಲ. ಲಗ್ನಪತ್ರಿಕೆ ಹಂಚಿಯಾದ ಮೇಲೆ ಗಂಡಿನ ವಿಷಯ ಏನು ತಿಳಿದರೂ ಮನೆಯವರೆಲ್ಲ ಬಾಯಿ ಮುಚ್ಚಿಕೊಳ್ಳುತ್ತಾರಲ್ಲ, ಹಾಗೆ.

ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಕಾರಣ ಅಮೆರಿಕವಲ್ಲ.

2008ರಲ್ಲಿ ನಾನಿದ್ದ ಶಾಲೆಯ ವಾರ್ಷಿಕೋತ್ಸವಕ್ಕೆ ಡೆಸ್ಕುಗಳನ್ನು ಜೋಡಿಸಿ, ಮೇಲೆ ಹಲಗೆ ಹಾಸಿ ವೇದಿಕೆ ಮಾಡಿದ್ದರು. ಸಹೋದ್ಯೋಗಿಯೊಬ್ಬರು ಹತ್ತಿ ಎರಡು ಸಲ ಕುಣಿದು, "ಬಂಡೆ ಇದ್ದಂಗಿದೆ" ಎಂದರು. ಹಿಂದಿನ ದಿನ ಎಂಟು ಹುಡುಗಿಯರು ಕೋಲಾಟದ ಅಭ್ಯಾಸ ಮಾಡುವಾಗ ನಡುವಿನ ಹಲಗೆ ಕಿರ್ರೆಂದದ್ದನ್ನು ನಾನು ಕೇಳಿಸಿಕೊಂಡೆ. ಮಾರನೆಯ ದಿನ ಕುಣಿಯಬೇಕಾದವರು ಇಪ್ಪತ್ತನಾಲ್ಕು ಜನ, ಅದೂ ಒಂದೇ ತಾಳಕ್ಕೆ ಒಟ್ಟಿಗೆ ಕಾಲು ಹಾಕುವವರು. "ಸಾರ್, ಹಲಗೆ ಸ್ವಲ್ಪ ನೋಡಿಸಿದರೆ ಒಳ್ಳೇದಿತ್ತೇನೋ" ಎಂದೆ ಮುಖ್ಯೋಪಾಧ್ಯಾಯರಿಗೆ. ಅವರು ಹಾರದ ಲೆಕ್ಕದಲ್ಲಿದ್ದರು. ಹೂಂ ಎಂದರು. ನಾನೂ ಸುಮ್ಮನಾದೆ. ಅತಿಥಿಗಳು ಬರುವ ಹೊತ್ತಿನಲ್ಲಿ ಅಪಶಕುನ ನುಡಿದ ಹೆಂಗಸು ಅನ್ನಿಸಿಕೊಳ್ಳುವುದು ಬೇಡವಾಗಿತ್ತು.

ಎರಡನೆಯ ಹಾಡಿಗೆ ಹಲಗೆ ಮುರಿಯಿತು. ಏಳನೇ ತರಗತಿಯ ಒಬ್ಬ ಹುಡುಗಿಯ ಮಣಿಕಟ್ಟಿನ ಮೂಳೆ ಮುರಿಯಿತು. ನೋಡಲು ಹೋದರೆ ಅವಳ ತಾಯಿ ಕಾಫಿ ಕೊಟ್ಟು, "ನಮ್ಮ ಹಣೆಬರಹ ಮೇಡಂ, ನೀವೇನು ಮಾಡ್ತೀರಿ" ಎಂದಳು. ಬೈದಿದ್ದರೆ ವಾಸಿಯಾಗಿತ್ತು.

ಹೇಳಿದ್ದೆನಲ್ಲ ಎಂದು ಎಷ್ಟೋ ಸಲ ಸಮಾಧಾನ ಮಾಡಿಕೊಂಡಿದ್ದೇನೆ. ಆದರೆ "ಸ್ವಲ್ಪ", "ಒಳ್ಳೇದಿತ್ತೇನೋ" ಎಂದು ಹೇಳಿದ್ದು ಹೇಳಿದಂತೆಯೇ? ಕೇಳುವವರು ಕೇಳದೆ ಇರಲು ಅನುಕೂಲವಾಗುವ ಹಾಗೆ ಮಾತಾಡುವುದನ್ನು ನಾವು ಹೆಂಗಸರು ಚಿಕ್ಕಂದಿನಲ್ಲೇ ಕಲಿತಿರುತ್ತೇವೆ. ಅದಕ್ಕೆ ವಿನಯ ಎಂಬ ಹೆಸರೂ ಇದೆ. ನನ್ನ ವಿನಯದ ಬೆಲೆ ತೆತ್ತವಳು ಆ ಹುಡುಗಿ.

ಎದ್ದು ಹೊರಗೆ ಬಂದರೆ ಮಗಳಿನ್ನೂ ಮೇಲಿನವರಿಗೆ ಪತ್ರ ಬರೆಯುತ್ತಿದ್ದಳು. "'ಸ್ವಲ್ಪ ತೊಂದರೆ ಆಗಬಹುದು' ಅಂತ ಹಾಕಿದೀನಿ, ಸಾಕಲ್ವಾ?" ಎಂದಳು. "ಸ್ವಲ್ಪ ತೆಗಿ. ಎಷ್ಟು ಜನಕ್ಕೆ ನಿಂತುಹೋಯಿತೋ ಆ ಅಂಕಿ ಹಾಕು" ಎಂದೆ. ಅವಳು ನನ್ನ ಮುಖ ನೋಡಿದಳು. ಅಳಿಸಿ, ಎಂಟುನೂರು ಜನಕ್ಕೆ ನಿಂತುಹೋಗುತ್ತದೆ, ಸೋಮವಾರ ತೆರೆಯಬಾರದು ಎಂದು ಬರೆದು ಕಳಿಸಿದಳು. "ಕೆಲಸಕ್ಕೆ ಏನಾದರೂ ಆದರೆ ನೀನೇ ಸಾಕಬೇಕು ನೋಡು" ಎಂದು ನಕ್ಕಳಾದರೂ ಕೈ ತಣ್ಣಗಿತ್ತು.

ಬೆಳಿಗ್ಗೆಯವರೆಗೂ ಉತ್ತರ ಬಂದಿರಲಿಲ್ಲ. ಫೋನನ್ನು ತಟ್ಟೆಯ ಪಕ್ಕದಲ್ಲಿಟ್ಟುಕೊಂಡೇ ಉಳಿದ ಹೋಳಿಗೆ ತಿಂದಳು.