ಇನ್ನೊಂದು ಸುತ್ತು

ಧೈರ್ಯವೆಂಬುದು ಒಬ್ಬರ ಎದೆಯಲ್ಲೇ ಹುಟ್ಟಿ ಅಲ್ಲೇ ಬೆಳೆಯುವ ಗುಣವೋ, ಸುತ್ತಲಿನವರು ಕೂಡಿ ಕೊಡಬೇಕಾದ ವಸ್ತುವೋ? ಇಪ್ಪತ್ತೆಂಟು ವರ್ಷ ಹೆಣ್ಣುಮಕ್ಕಳಿಗೆ ಪಾಠ ಹೇಳಿದ ಮೇಲೂ ನನ್ನನ್ನು ಬಿಡದ ಪ್ರಶ್ನೆ ಇದು. ಮಾರ್ಚ್ ತಿಂಗಳು ಬಂತೆಂದರೆ "ಧೈರ್ಯದಿಂದ ಬರೀರವ್ವಾ" ಎಂದು ಎಲ್ಲ ಶಿಕ್ಷಕಿಯರೂ ಹೇಳುತ್ತೇವೆ. ಹೇಳುವುದು ಸುಲಭ. ಆ ಧೈರ್ಯಕ್ಕೆ ಆಧಾರವಾಗಿ ನಾವು ಏನು ಇಟ್ಟಿದ್ದೇವೆ ಎಂದು ಕೇಳಿಕೊಳ್ಳುವುದು ಕಷ್ಟ.

ಇದಕ್ಕೆ ಒಂದು ಉತ್ತರ ನನಗೆ ಸಿಕ್ಕಿದ್ದು ಸಮುದ್ರದ ಕಡೆಯಿಂದ. ಕೊಪ್ಪಳ, ಗಂಗಾವತಿಯ ನಮಗೆ ದೊಡ್ಡ ನೀರೆಂದರೆ ತುಂಗಭದ್ರೆಯ ಅಣೆಕಟ್ಟು, ಎಡದಂಡೆ ಕಾಲುವೆ. ಕುಷ್ಟಗಿ, ಯಲಬುರ್ಗಾದವರಿಗೆ ಮಳೆ ಬಂದರೆ ಅದೇ ದೊಡ್ಡದು. ಸಮುದ್ರ ಎಂಬುದು ಶಾಲೆಯ ಪ್ರವಾಸದಲ್ಲಿ ನೋಡಿ ಬರುವ ವಸ್ತು. ಒಮ್ಮೆ ಹೀಗೆ ಮಕ್ಕಳನ್ನು ಕರೆದುಕೊಂಡು ಕಾರವಾರಕ್ಕೆ ಹೋದಾಗ, ಕಡಲ ದಂಡೆಯಲ್ಲಿ ಸಂಗ್ರಹಾಲಯವಾಗಿ ನಿಂತಿರುವ ಚಪಲ್ ಯುದ್ಧನೌಕೆಯನ್ನು ತೋರಿಸಿದೆವು. ಅಲ್ಲಿಂದ ಸ್ವಲ್ಪ ದೂರದಲ್ಲೇ 2005ರಲ್ಲಿ ಆರಂಭವಾದ ಕದಂಬ ನೌಕಾನೆಲೆ ಇದೆ. 2013ರಲ್ಲಿ ನೌಕಾಪಡೆಗೆ ಸೇರಿದ ವಿಕ್ರಮಾದಿತ್ಯ ಎಂಬ ವಿಮಾನವಾಹಕ ನೌಕೆಗೆ ಅದೇ ತವರು. ಆ ಹಡಗಿನ ಮೇಲೆ ವಿಮಾನಗಳು ಇಳಿಯುತ್ತವೆ, ಉಕ್ಕಿನ ಹಗ್ಗ ಅವನ್ನು ಹಿಡಿದು ನಿಲ್ಲಿಸುತ್ತದೆ ಎಂದು ಹೇಳಿದೆ. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಕೇಳಿದಳು: "ಅಕ್ಕೋರ, ಹಗ್ಗ ತಪ್ಪಿತಂದ್ರ ಸಮುದ್ರದಾಗ ಬೀಳ್ತಾರೇನ್ರಿ?"

"ಇಲ್ಲವ್ವಾ, ಮತ್ತ ಮ್ಯಾಲೆ ಏಳ್ತಾರ. ಒಂದು ಸುತ್ತು ಹಾಕಿ ಬಂದು ಮತ್ತ ಇಳೀತಾರ."

"ಮತ್ತ ಅವರಿಗೆ ಯಾರೂ ಬೈಯೂದಿಲ್ಲೇನ್ರಿ?"

ಊರಿಗೆ ಬಂದ ಮೇಲೆ ಆ ವಿಷಯವನ್ನು ಓದಿ ತಿಳಿದುಕೊಂಡೆ. ನೆಲದ ಮೇಲೆ ಇಂಥ ವಿಮಾನಗಳಿಗೆ ಎರಡು ಮೂರು ಕಿಲೋಮೀಟರ್ ಉದ್ದದ ರನ್‌ವೇ ಇರುತ್ತದೆ. ವಿಕ್ರಮಾದಿತ್ಯ ಹಡಗಿನ ಇಡೀ ಉದ್ದವೇ 284 ಮೀಟರ್. ಅದೂ ಸುಮ್ಮನೆ ನಿಂತಿರುವುದಿಲ್ಲ; ಓಡುತ್ತಿರುತ್ತದೆ, ಅಲೆಗೆ ತೂಗುತ್ತಿರುತ್ತದೆ. ಗಂಟೆಗೆ ಇನ್ನೂರು ಕಿಲೋಮೀಟರಿಗೂ ಮೀರಿದ ವೇಗದಲ್ಲಿ ಬರುವ ವಿಮಾನ ತನ್ನ ಬಾಲದ ಕಡೆಯ ಕೊಕ್ಕೆಯಿಂದ, ಅಡ್ಡಲಾಗಿ ಕಟ್ಟಿದ ಮೂರು ಉಕ್ಕಿನ ಹಗ್ಗಗಳಲ್ಲಿ ಒಂದನ್ನು ಹಿಡಿಯಬೇಕು. ಹಿಡಿದರೆ ಎರಡು ಮೂರು ಸೆಕೆಂಡಿನಲ್ಲಿ, ಸುಮಾರು ನೂರು ಮೀಟರಿನೊಳಗೆ ನಿಲ್ಲುತ್ತದೆ.

ಇದನ್ನು ಯಾರೂ ಮೊದಲ ದಿನವೇ ಸಮುದ್ರದ ಮೇಲೆ ಕಲಿಯುವುದಿಲ್ಲ. ಗೋವಾದ ಹಂಸಾ ನೌಕಾ ವಿಮಾನ ನೆಲೆಯಲ್ಲಿ ಹಡಗಿನ ಅಂಗಳವನ್ನೇ ನೆಲದ ಮೇಲೆ ಕಟ್ಟಿದ್ದಾರೆ. ಹಾರಲು ಅದೇ ಇಳಿಜಾರಿನ ಏರು, ಹಿಡಿಯಲು ಅದೇ ಹಗ್ಗ. ನಮ್ಮ ಬೆಂಗಳೂರಿನಲ್ಲಿ ತಯಾರಾದ ತೇಜಸ್ ವಿಮಾನದ ನೌಕಾಪಡೆಯ ಮಾದರಿಯೂ ಇಲ್ಲೇ ಅಕ್ಷರಾಭ್ಯಾಸ ಮಾಡಿತು. 2014ರ ಡಿಸೆಂಬರಿನಲ್ಲಿ ಏರಿನಿಂದ ಹಾರಿತು. 2018ರಲ್ಲಿ ನೆಲದ ಮೇಲೆ ಓಡಿಕೊಂಡೇ ಬಂದು ಹಗ್ಗಕ್ಕೆ ಕೊಕ್ಕೆ ಸಿಕ್ಕಿಸಿತು. 2019ರ ಸೆಪ್ಟೆಂಬರ್ 13ರಂದು ಹಾರಿ ಬಂದು ಇಳಿದು ಹಗ್ಗ ಹಿಡಿಯಿತು. ಆಮೇಲೆ, 2020ರ ಜನವರಿ 11ರಂದು, ಕಮೊಡೋರ್ ಜೈದೀಪ್ ಮಾವಳಂಕರ್ ಅದನ್ನು ವಿಕ್ರಮಾದಿತ್ಯದ ಮೇಲೆ ಇಳಿಸಿದರು. ಐದು ವರ್ಷದ ಮೆಟ್ಟಿಲು ಇದು.

ನನಗೆ ಎಲ್ಲಕ್ಕಿಂತ ಆಶ್ಚರ್ಯ ತಂದದ್ದು ಇನ್ನೊಂದು ಸಂಗತಿ. ಚಕ್ರ ಹಡಗನ್ನು ಮುಟ್ಟಿದ ಕ್ಷಣದಲ್ಲಿ ಪೈಲಟ್ ವೇಗ ಇಳಿಸುವುದಿಲ್ಲ, ಎಂಜಿನ್ನಿಗೆ ಪೂರ್ತಿ ಶಕ್ತಿ ಕೊಡುತ್ತಾರೆ! ಕೊಕ್ಕೆ ಹಗ್ಗ ಹಿಡಿಯಿತೋ ಇಲ್ಲವೋ ಎಂದು ನೋಡುತ್ತ ಕೂತರೆ ಹೊತ್ತು ಮೀರಿರುತ್ತದೆ. ಹಿಡಿದಿದ್ದರೆ ಹಗ್ಗ ನಿಲ್ಲಿಸುತ್ತದೆ. ತಪ್ಪಿದ್ದರೆ ಆ ಶಕ್ತಿಯೇ ಮತ್ತೆ ಆಕಾಶಕ್ಕೆ ಎತ್ತುತ್ತದೆ. ಹಡಗಿನ ಅಂಚಿನಲ್ಲಿ ಒಬ್ಬ ಅಧಿಕಾರಿ ನಿಂತಿರುತ್ತಾರೆ, ಅವರೂ ಪೈಲಟ್ಟೇ. ಬರುವ ರೀತಿ ಸರಿಯಿಲ್ಲವೆನಿಸಿದರೆ "ಬೇಡ, ಮೇಲೇಳು" ಎನ್ನುತ್ತಾರೆ. ಎದುರು ವಾದವಿಲ್ಲ. ಇನ್ನೊಂದು ಸುತ್ತು ಹಾಕುವುದು ಅವಮಾನವೂ ಅಲ್ಲ, ಅದೂ ಕಲಿಕೆಯ ಭಾಗವೇ.

ಅಲ್ಲಿ ಶಿಸ್ತು ಸಡಿಲ ಎಂದು ತಿಳಿಯಬೇಡಿ. ಅಮೆರಿಕದ ನೌಕಾಪಡೆಯಲ್ಲಿ ಪ್ರತಿಯೊಂದು ಇಳಿತಕ್ಕೂ ನಾವು ಉತ್ತರಪತ್ರಿಕೆಗೆ ಹಾಕಿದ ಹಾಗೆ ದರ್ಜೆ ಹಾಕುತ್ತಾರೆ. ಮತ್ತೆ ಮತ್ತೆ ಅವಕಾಶ ಕೊಟ್ಟರೆ ಮಕ್ಕಳು ಸೋಮಾರಿಗಳಾಗುತ್ತಾರೆ ಎನ್ನುವವರು ಇದನ್ನು ಗಮನಿಸಬೇಕು. ತೂಕ ಮಾಡುವುದು ಬೇರೆ, ಸಮುದ್ರಕ್ಕೆ ನೂಕುವುದು ಬೇರೆ.

ಯಲಬುರ್ಗಾ ತಾಲೂಕಿನ ಒಂದು ಹಳ್ಳಿಯ ಹುಡುಗಿ ನನ್ನ ವಿದ್ಯಾರ್ಥಿನಿ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಒಂದು ಹೋಯಿತು. ಮರುಪರೀಕ್ಷೆಯ ಅರ್ಜಿ ಹಿಡಿದು ಅವಳ ಮನೆಗೆ ಹೋದೆ. ತಂದೆ ಮರ್ಯಾದೆಯಿಂದಲೇ ಚಹಾ ಕೊಡಿಸಿದರು. "ಪಾಸಾಗಿದ್ರ ಕಾಲೇಜಿಗೆ ಹಚ್ಚತಿದ್ವಿ ಅಕ್ಕೋರ. ಆಗಲಿಲ್ಲ. ಹದಿನೆಂಟು ತುಂಬಿದ ಮ್ಯಾಲೆ ಮದುವಿ ಅಂತ ಮಾತಾಗೇದ" ಎಂದರು. ಅದೇ ಮನೆಯ ಮಗ ಅದೇ ಗಣಿತದಲ್ಲಿ ಎರಡು ಸಲ ಹೋಗಿದ್ದ. ಅವನನ್ನು ಕೊಪ್ಪಳದಲ್ಲಿ ರೂಮು ಮಾಡಿ ಟ್ಯೂಷನ್ನಿಗೆ ಇಟ್ಟಿದ್ದರು. ಬಾಗಿಲ ಮರೆಯಲ್ಲಿ ನಿಂತಿದ್ದ ಆ ಹುಡುಗಿಗೆ ಧೈರ್ಯವಿರಲಿಲ್ಲವೆಂದು ಯಾರು ಹೇಳಬಲ್ಲರು? ಅವಳಿಗೆ ಇಲ್ಲದಿದ್ದದ್ದು ಇನ್ನೊಂದು ಸುತ್ತು.

2024ರಿಂದ ಸರ್ಕಾರ ಒಂದೇ ವರ್ಷದಲ್ಲಿ ಎಸ್ಸೆಸ್ಸೆಲ್ಸಿಗೆ ಪರೀಕ್ಷೆ ಒಂದು, ಎರಡು ಎಂದು ಹೆಸರಿಟ್ಟು ಮತ್ತೆ ಬರೆಯುವ ದಾರಿ ಮಾಡಿತು. ಫೇಲಾದವರ ಪರೀಕ್ಷೆ ಎಂಬ ಹಣೆಪಟ್ಟಿ ಹೋಯಿತು. ಒಳ್ಳೆಯದೇ. ಆದರೆ ಪರೀಕ್ಷಾ ಮಂಡಳಿ ದಿನಾಂಕ ಕೊಡಬಹುದು. ಮಗಳನ್ನು ಆ ದಿನದ ತನಕ ಪುಸ್ತಕದ ಮುಂದೆ ಕೂಡಿಸುವುದು ಮನೆಯವರ ಕೈಯಲ್ಲಿದೆ.

2025ರ ಜುಲೈಯಲ್ಲಿ ಆಸ್ಥಾ ಪೂನಿಯಾ ಎಂಬ ಹುಡುಗಿ ನಮ್ಮ ನೌಕಾಪಡೆಯ ಯುದ್ಧವಿಮಾನ ವಿಭಾಗಕ್ಕೆ ಸೇರಿದ ಮೊದಲ ಮಹಿಳೆಯಾದಳು. ಪತ್ರಿಕೆಯಲ್ಲಿ ಅವಳ ಚಿತ್ರ ನೋಡಿ ನಾವೆಲ್ಲ ಹೆಮ್ಮೆಪಟ್ಟೆವು. ಅವಳ ಧೈರ್ಯ ದೊಡ್ಡದು. ಆದರೆ ಹಡಗಿನ ಮೇಲೆ ಇಳಿಯುವ ಯಾವ ಪೈಲಟ್ಟಿಗೂ, ಹಗ್ಗ ತಪ್ಪಿದರೆ ಸುತ್ತು ಹಾಕಲು ಬೇಕಾಗುವ ಇಂಧನವನ್ನು ಮೊದಲೇ ಲೆಕ್ಕ ಹಾಕಿ ಉಳಿಸಿರುತ್ತಾರೆ ಎಂಬುದನ್ನೂ ನೆನೆಯಬೇಕು. ತಪ್ಪಿದ ಮೇಲೆ ಇಂಧನ ಹುಡುಕುವುದಿಲ್ಲ.

ಉಳಿಸಿಡುವ ವಿದ್ಯೆ ನಮಗೆ ಯಾರೂ ಕಲಿಸಬೇಕಿಲ್ಲ. ಸಾಸಿವೆ ಡಬ್ಬಿಯಲ್ಲಿ ನೋಟು ಮಡಚಿಟ್ಟು, ಆಪತ್ತಿಗೆ ಅದನ್ನೇ ತೆಗೆದು ಮನೆ ನಡೆಸಿದವರು ನಾವು. ಆ ಡಬ್ಬಿಯಲ್ಲಿ ಮಗಳ ಹೆಸರಿನಲ್ಲಿ ಮರುಪರೀಕ್ಷೆಯ ಶುಲ್ಕವನ್ನು, ಅದರ ಜೊತೆಗೆ "ಇನ್ನೊಂದು ವರ್ಷ ತಡೀರಿ" ಎಂದು ಮನೆಯ ಗಂಡಸರ ಮುಂದೆ ಆಡಬೇಕಾದ ಒಂದು ಮಾತನ್ನು, ಫಲಿತಾಂಶ ಬರುವ ಮೊದಲೇ ಎತ್ತಿಟ್ಟಿರೋಣ. ಆಗ ಮಾರ್ಚ್ ತಿಂಗಳಲ್ಲಿ "ಧೈರ್ಯದಿಂದ ಬರೀರವ್ವಾ" ಎನ್ನುವ ಹಕ್ಕು ನಮಗೆ ಬರುತ್ತದೆ.