ಕಾಯುವುದೂ ಒಂದು ತೀರ್ಮಾನ

ಅತ್ತೆ ಬಚ್ಚಲುಮನೆಯಲ್ಲಿ ಜಾರಿ ಬಿದ್ದದ್ದು 2018ರಲ್ಲಿ, ಭೀಮನ ಅಮಾವಾಸ್ಯೆಗೆ ಮೂರು ದಿನ ಮೊದಲು, ಬುಧವಾರ ಬೆಳಗಿನ ಜಾವ. ಆಗ ಅವರಿಗೆ 82. ಎಕ್ಸರೇ ನೋಡಿದ ಡಾಕ್ಟರು, "ಸೊಂಟದ ಕೀಲಿನ ಹತ್ತಿರ ಮೂಳೆ ಮುರಿದಿದೆ. ಹೃದಯ, ರಕ್ತ ಎಲ್ಲ ಸರಿಯಿದೆ. ನಾಳೆಯೇ ಆಪರೇಷನ್ ಮಾಡೋಣ" ಎಂದರು.

ಆಪರೇಷನ್ ಆದದ್ದು ಮುಂದಿನ ಸೋಮವಾರ.

ತಡ ಮಾಡಿದ್ದು ಆಸ್ಪತ್ರೆಯವರಲ್ಲ, ನಾವು. ಮುಂಬಯಿಯಿಂದ ಭಾವ ಬರಲಿ ಎಂದರು ನಮ್ಮವರು. "ಈ ವಯಸ್ಸಲ್ಲಿ ಕೊಯ್ಯಿಸಬೇಕಾ ಅತ್ತಿಗೆ? ನಾಟಿ ವೈದ್ಯರ ಕಟ್ಟು ಹಾಕಿಸಿ ನೋಡಬಾರದಾ?" ಎಂದಳು ನಾದಿನಿ. ಶನಿವಾರ ಅಮಾವಾಸ್ಯೆ. ಭಾನುವಾರ ಭಾವ ಬಂದರು.

ಆ ಐದು ದಿನ ಅತ್ತೆ ಮಗ್ಗುಲು ಬದಲಿಸಲಾರದೆ ನರಳಿದರು. ಮೂರನೆಯ ರಾತ್ರಿ ನನ್ನನ್ನು ಗುರುತು ಹಿಡಿಯದೆ, ಎಂದೋ ತೀರಿಹೋದ ಅಕ್ಕನ ಹೆಸರು ಹಿಡಿದು ಕರೆದರು. ಬೆನ್ನಿನ ಕೆಳಗೆ ಚರ್ಮ ಕೆಂಪಾಗತೊಡಗಿತ್ತು.

ಡಾಕ್ಟರ ಮಾತು ಸರಿಯೆಂದು ನನಗೆ ಅನಿಸಿತ್ತು. ಆದರೂ ಬಾಯಿ ಬಿಡಲಿಲ್ಲ. ಏನಾದರೂ ಹೆಚ್ಚುಕಡಿಮೆಯಾದರೆ "ಸೊಸೆ ಹಠ ಮಾಡಿ ಆಪರೇಷನ್ ಮಾಡಿಸಿದಳು" ಎನ್ನುತ್ತಾರಲ್ಲ! ನನ್ನ ಮೌನಕ್ಕೆ ಆಗ ನಾನಿಟ್ಟ ಹೆಸರು, ಹಿರಿಯರಿಗೆ ಕೊಡುವ ಗೌರವ. ನಿಜವಾದ ಹೆಸರು, ಭಯ.

2020ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಇಂಥ 2970 ರೋಗಿಗಳ ಅಧ್ಯಯನವೊಂದು ಬಂತು. ಭಾರತವೂ ಸೇರಿ 17 ದೇಶಗಳವರು. ಒಂದು ಗುಂಪಿಗೆ ಸುಮಾರು 6 ಗಂಟೆಯೊಳಗೆ, ಇನ್ನೊಂದಕ್ಕೆ ಸುಮಾರು 24 ಗಂಟೆಗೆ ಶಸ್ತ್ರಚಿಕಿತ್ಸೆ. ಸಾವಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆದರೆ ಬೇಗ ಆದವರಲ್ಲಿ ಬುದ್ಧಿಭ್ರಮಣೆ, ಮೂತ್ರದ ಸೋಂಕು ಕಡಿಮೆ. ಅವರು ಬೇಗ ಎದ್ದು ನಿಂತರು. ಅಲ್ಲಿ ನಿಧಾನವೆಂದರೆ ಒಂದು ದಿನ. ನಮ್ಮದು ಐದು!

ಕಾಯುವುದೆಲ್ಲ ತಪ್ಪಲ್ಲ. ಹೃದಯದ ತೊಂದರೆ ಹತೋಟಿಗೆ ಬರಲಿ, ರಕ್ತ ತೆಳುವಾಗಿಸುವ ಮಾತ್ರೆಯ ಪ್ರಭಾವ ಇಳಿಯಲಿ ಎಂದು ಡಾಕ್ಟರೇ ಕಾಯಿಸುವುದುಂಟು. ರೋಗಿಗಾಗಿ ಕಾಯುವುದು ಬೇರೆ, ನೆಂಟರಿಗಾಗಿ ಕಾಯುವುದು ಬೇರೆ. ಕಾಯುತ್ತಾ ಕೂತರೆ ತೀರ್ಮಾನ ಮುಂದೆ ಹೋಯಿತೆಂದುಕೊಳ್ಳುತ್ತೇವೆ. ಹಾಗೆ ಕೂತದ್ದೇ ತೀರ್ಮಾನವಾಗಿರುತ್ತದೆ. ಅದರ ನೋವು ಮಾತ್ರ ಮಂಚದ ಮೇಲಿದ್ದವರದು.

ಅತ್ತೆ ಆಮೇಲೆ ಎರಡು ವರ್ಷ ಬದುಕಿದರು. ವಾಕರ್ ಹಿಡಿದು ಜಗುಲಿಯವರೆಗೆ ಬರುತ್ತಿದ್ದರು, ತುಳಸಿಕಟ್ಟೆಯವರೆಗೆ ಹೋಗಲಾಗಲಿಲ್ಲ. ಬೇಗ ಮಾಡಿಸಿದ್ದರೆ ಹೋಗುತ್ತಿದ್ದರೇ? ಖಂಡಿತವಾಗಿ ಯಾರೂ ಹೇಳಲಾರರು. ಆದರೆ ಒಂದು ಸಂಜೆ ಬತ್ತಿ ಹೊಸೆಯುತ್ತಾ ಅವರೇ ಅಂದರು: "ಎಲ್ಲರೂ ಎಲ್ಲರನ್ನೂ ಕೇಳಿದಿರಿ. ನನ್ನನ್ನು ಕೇಳಿದ್ದರೆ ಮಾರನೆಯ ದಿನವೇ ಮಾಡಿಸಿ ಅಂತಿದ್ದೆ."

ಅವರ ದನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು.