ತಿಳಿದದ್ದನ್ನೆಲ್ಲ ಅಚ್ಚು ಹಾಕಬೇಕೆ?

2020ರ ಮಾರ್ಚ್ 12ರಂದು ಕಲಬುರಗಿಯ ಹೆಸರು ದೇಶದ ತುಂಬ ಕೇಳಿಬಂತು. ಎರಡು ದಿನ ಮೊದಲು ತೀರಿಕೊಂಡ 76 ವರ್ಷದ ಹಿರಿಯರಿಗೆ ಕೊರೊನಾ ತಗುಲಿತ್ತೆಂದು ಪ್ರಯೋಗಾಲಯದ ವರದಿ ಹೇಳಿತು. ಆ ರೋಗದಿಂದ ಭಾರತದಲ್ಲಾದ ಮೊದಲ ಸಾವು ಅದು.

ಅಂಥದೊಂದು ಪರೀಕ್ಷೆ ಇದ್ದದ್ದೇ ಒಂದು ಪ್ರಕಟಣೆಯ ಫಲ. ಶಾಂಘೈನ ವಿಜ್ಞಾನಿ ಝಾಂಗ್ ಯೋಂಗ್‌ಝೆನ್ ತಂಡ ಓದಿದ ವೈರಾಣುವಿನ ಜೀನೋಮ್, ಸುಮಾರು 30 ಸಾವಿರ ಅಕ್ಷರಗಳ ಸರಣಿ, ಅದೇ ವರ್ಷದ ಜನವರಿ 11ರಂದು ಬಹಿರಂಗವಾಗಿತ್ತು. ಮರುದಿನವೇ ಅವರ ಪ್ರಯೋಗಾಲಯಕ್ಕೆ ಬೀಗ ಬಿತ್ತು. ಆದರೆ ಸರಣಿ ಅಷ್ಟರಲ್ಲಿ ಜಗತ್ತಿನ ಕೈ ಸೇರಿತ್ತು. ಬರ್ಲಿನ್ನಿನ ವಿಜ್ಞಾನಿಗಳು ವೈರಾಣುವಿನ ಮಾದರಿ ಕೈಗೆ ಬರುವ ಮೊದಲೇ ಪರೀಕ್ಷೆಯ ವಿಧಾನ ಸಿದ್ಧಪಡಿಸಿದರು.

ಅದೇ ಅಕ್ಷರಗಳಿಗೆ ಇನ್ನೊಂದು ಮುಖವಿತ್ತು. ಸ್ವಿಟ್ಜರ್ಲೆಂಡಿನ ಬರ್ನ್‌ನಲ್ಲಿ ಸಂಶೋಧಕರು ಆ ಸರಣಿಯನ್ನು ನೋಡಿ ಡಿಎನ್‌ಎ ತುಣುಕುಗಳನ್ನು ತರಿಸಿಕೊಂಡರು, ಯೀಸ್ಟ್ ಕೋಶದೊಳಗೆ ಜೋಡಿಸಿದರು. ತುಣುಕುಗಳು ಬಂದ ಒಂದೇ ವಾರದಲ್ಲಿ ಜೀವಂತ ವೈರಾಣು ಎದ್ದು ನಿಂತಿತು. ಅವರ ಉದ್ದೇಶ ಒಳ್ಳೆಯದೇ. ಎಲ್ಲರ ಉದ್ದೇಶವೂ ಹಾಗೇ ಇರುತ್ತದೆಯೆ?

ಯಾರಿಗೆ ಕೊಡಬೇಕು, ಯಾರಿಗೆ ಬೇಡ ಎಂಬ ಈ ಪ್ರಶ್ನೆ ಶರಣಬಸವೇಶ್ವರರ ದಾಸೋಹದ ಊರಾದ ಕಲಬುರಗಿಗೆ ಹೊಸದಲ್ಲ ಅನ್ನಿಸಬಹುದು. ಹಸಿದು ಬಂದವನ ಕುಲ ಕೇಳದೆ ಬಡಿಸುವುದು ಅಲ್ಲಿನ ಧರ್ಮ. ಅರಿವನ್ನೂ ಹೀಗೆ ಬಡಿಸಬೇಕೆಂಬುದು ವಿಜ್ಞಾನದ ದೊಡ್ಡ ಆದರ್ಶ, ಅದನ್ನು ಬಿಟ್ಟುಕೊಡಲಾಗದು. ಆದರೆ ಅನ್ನ ಉಂಡಲ್ಲಿಗೆ ಮುಗಿಯುತ್ತದೆ. ಸೋಂಕನ್ನು ಹೆಚ್ಚಿಸುವ ವಿಧಾನ ಒಮ್ಮೆ ಅಚ್ಚಾದರೆ ಯಾರೂ ಹಿಂತೆಗೆದುಕೊಳ್ಳಲಾರರು.

2011ರಲ್ಲಿ ನೆದರ್‌ಲೆಂಡ್ಸಿನ ರಾನ್ ಫೌಷಿಯೆ ಮತ್ತು ಅಮೆರಿಕದ ಯೋಶಿಹಿರೊ ಕವಾಒಕ ತಂಡಗಳು ಹಕ್ಕಿಜ್ವರದ ವೈರಾಣು ಫೆರೆಟ್ ಎಂಬ ಪ್ರಾಣಿಗಳ ನಡುವೆ ಗಾಳಿಯಲ್ಲಿ ಹರಡುವಂತೆ ಮಾಡಿದ್ದವು. ವಿವರಗಳನ್ನು ಬಿಟ್ಟು ಪ್ರಕಟಿಸಿರೆಂದು ಅಮೆರಿಕದ ಜೈವಿಕ ಸುರಕ್ಷತಾ ಸಲಹಾ ಮಂಡಳಿ ಡಿಸೆಂಬರಿನಲ್ಲಿ ಹೇಳಿತು. ಮುಂದಿನ ಮಾರ್ಚ್‌ನಲ್ಲಿ ನಿಲುವು ಬದಲಿಸಿತು. 2012ರಲ್ಲಿ ಎರಡೂ ಪ್ರಬಂಧಗಳು ಹೊರಬಂದವು. ಈ ಜಗ್ಗಾಟದಲ್ಲಿ ಬಹುಮುಖ್ಯವಾದ ಮಾತೊಂದು ತಡವಾಗಿ ಹೊಳೆಯಿತು: ಪ್ರಬಂಧ ಸಂಪಾದಕರ ಮೇಜಿಗೆ ಬರುವ ಹೊತ್ತಿಗೆ ವೈರಾಣು ಆಗಲೇ ಹುಟ್ಟಿರುತ್ತದೆ. ಕೇಳಬೇಕಾದ್ದನ್ನು ಪ್ರಯೋಗಕ್ಕೆ ಮೊದಲೇ ಕೇಳಬೇಕಿತ್ತು.

ಹಾಗೆಂದು ಮುಚ್ಚಿಡುವ ಅಧಿಕಾರವನ್ನು ಸರ್ಕಾರದ ಕೈಗೇ ಕೊಟ್ಟರೆ ಶಾಂಘೈನ ಬೀಗ ಎಲ್ಲೆಡೆ ಬೀಳುತ್ತದೆ. ರೋಗ ಬಂದಿದೆ, ಹೀಗಿದೆ, ಹೀಗೆ ಗುರುತಿಸಿ ಎಂಬುದನ್ನು ಒಂದು ದಿನವೂ ತಡೆಯಕೂಡದು. ಬೆಳೆಯ ರೋಗಕ್ಕೂ ಈ ಮಾತು ಸಲ್ಲುತ್ತದೆ. ಕಲಬುರಗಿಯಿಂದ ಹುಮನಾಬಾದ್ ದಾರಿ ಹಿಡಿದರೆ ಸಿಗುವ ಕಮಲಾಪುರ ಕೆಂಪು ಬಾಳೆಗೆ ಹೆಸರಾದ ಊರು. ತಾಯಿಗಿಡದ ಬುಡದಿಂದ ಕಿತ್ತ ಕಂದನ್ನೇ ನೆಟ್ಟು ಬೆಳೆಸುವುದರಿಂದ ತೋಟದ ಗಿಡಗಳೆಲ್ಲ ಒಂದೇ ತಳಿ. ಒಂದನ್ನು ಕೊಲ್ಲುವ ರೋಗ ಎಲ್ಲವನ್ನೂ ಕೊಲ್ಲಬಲ್ಲದು. ಪನಾಮಾ ಸೊರಗು ರೋಗದ ಶಿಲೀಂಧ್ರ ಮಣ್ಣಿನಲ್ಲಿ ದಶಕಗಟ್ಟಲೆ ಉಳಿಯುತ್ತದೆ, ಕಂದಿನ ಜೊತೆಯೇ ಊರೂರು ತಿರುಗುತ್ತದೆ. ಅದು ಎಲ್ಲಿ ಕಾಣಿಸಿತೆಂಬ ಸುದ್ದಿ ಬೆಳೆಗಾರನಿಗೆ ತಕ್ಷಣ ಬೇಕು. ಅದನ್ನು ಇನ್ನಷ್ಟು ಉಗ್ರಗೊಳಿಸುವ ವಿಧಾನ ಅವನಿಗೆ ಬೇಡ.

ಹಾಗಾದರೆ ಇದನ್ನು ತೀರ್ಮಾನಿಸುವವರು ಯಾರು? ಅಪಾಯಕಾರಿ ಸೂಕ್ಷ್ಮಜೀವಿಗಳ ಕುರಿತ ಭಾರತದ 1989ರ ನಿಯಮಾವಳಿ ಜಿಲ್ಲಾಧಿಕಾರಿಯ ಅಧ್ಯಕ್ಷತೆಯಲ್ಲಿ ಜಿಲ್ಲಾ ಸಮಿತಿಗೆ ಅವಕಾಶ ಮಾಡಿಕೊಟ್ಟಿದೆ. ಆರೋಗ್ಯ, ಕೃಷಿ ಇಲಾಖೆಯವರಿಗೆ ಅದರಲ್ಲಿ ಸ್ಥಾನವಿದೆ. ಅದರ ಕೆಲಸ ಸುರಕ್ಷತೆಯ ಮೇಲ್ವಿಚಾರಣೆ, ಪ್ರಕಟಣೆಯ ವಿಚಾರವಲ್ಲ. ಯಾವ ಪ್ರಯೋಗ ಬೇಕು, ಅದರಲ್ಲಿ ಯಾವುದನ್ನು ಎಷ್ಟು ಕಾಲ ತಡೆಹಿಡಿಯಬೇಕು ಎಂದು ಕಾರಣ ಬರೆದಿಟ್ಟು ತೀರ್ಮಾನಿಸುವ ಮಂಡಳಿಯೊಂದು ಬಂದರೆ, ಅಲ್ಲಿ ವಿಜ್ಞಾನಿಗಳ ಪಕ್ಕದಲ್ಲಿ ಕಮಲಾಪುರದ ಬಾಳೆ ಬೆಳೆಗಾರರಿಗೂ ಕಲಬುರಗಿಯ ಆಶಾ ಕಾರ್ಯಕರ್ತೆಯರಿಗೂ ಕುರ್ಚಿ ಇರಬೇಕು.